ಅಂಗಳದಲ್ಲೇ ಉಳಿದ ಅತಿಥಿ

ಈಚೆಗೆ ಹಾರೂಗೇರಿಯಲ್ಲಿ ಹೊಸ ಮನೆಯೊಂದನ್ನು ಆಶೀರ್ವದಿಸಲು ಹೋಗಿದ್ದೆ. ಕೋಣೆ ಕೋಣೆಗೂ ತೀರ್ಥ ಪ್ರೋಕ್ಷಿಸಿ ಹೊರಬಂದಾಗ, ಮನೆಯೊಡೆಯರ ಬಾಲ್ಯಸ್ನೇಹಿತರು ಪತ್ನಿಯೊಡನೆ ಅಂಗಳದಲ್ಲೇ ಕುಳಿತಿದ್ದರು. ಪಾರ್ಶ್ವವಾಯುವಿನಿಂದ ಆಕೆಯ ಬಲಗಾಲು ಸ್ವಾಧೀನದಲ್ಲಿಲ್ಲ. ಬಾಗಿಲಿಗೆ ಹಿಡಿಯಲು ಕಂಬಿಯೂ ಇಲ್ಲದ ನಾಲ್ಕು ಮೆಟ್ಟಿಲು. ‘ಎತ್ತಿಕೊಂಡು ಹೋಗುತ್ತೇವೆ’ ಎಂದು ತರುಣರು ಮುಂದಾದರಂತೆ, ಆಕೆ ಒಪ್ಪಲಿಲ್ಲ. ನೆರೆದವರೆದುರು ಮೂಟೆಯಂತೆ ಏರಲು ಯಾರ ಮನಸ್ಸು ಒಪ್ಪೀತು? ಊಟ ಹೊರಗೇ ಬಂದಿತು. ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಗೆಳೆಯನ ಮನೆಯನ್ನು ಆ ದಂಪತಿ ನೋಡಲೇ ಇಲ್ಲ. ಅದೇ ಮೆಟ್ಟಿಲೇರಿದ ನಾನೂ ಗಮನಿಸಿರಲಿಲ್ಲ.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ, ಪಾರ್ಶ್ವವಾಯುರೋಗಿಯನ್ನು ಹೊತ್ತುತಂದ ನಾಲ್ವರು ಛಾವಣಿ ತೆರೆದು ಆತನನ್ನು ಇಳಿಸುತ್ತಾರೆ. ಅವರ ವಿಶ್ವಾಸವನ್ನು ಕೊಂಡಾಡುತ್ತೇವೆ. ಬಾಗಿಲಲ್ಲಿ ದಾರಿ ಬಿಡದೆ ನಿಂತವರ ಬಗ್ಗೆ ಪ್ರಬೋಧಿಸುವುದು ಅಪರೂಪ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಕಟ್ಟಡಗಳ ಪ್ರವೇಶದ ಬಗ್ಗೆ ಹೇಳುತ್ತದೆ. ಸ್ವಂತ ಮನೆ ನಮ್ಮ ಅಂತಃಕರಣಕ್ಕೆ ಬಿಟ್ಟದ್ದು. ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ನೆಲಗಟ್ಟು ಎರಡಡಿಯಿದ್ದರೆ 24 ಅಡಿ. ಮುಂದೆ ಸ್ಥಳವಿಲ್ಲದಿದ್ದರೆ ಪಕ್ಕದ ಗೋಡೆಗುಂಟ ಹಾಕಬಹುದು. ಅದೂ ಆಗದಿದ್ದರೆ ತಗ್ಗು ಮೆಟ್ಟಿಲು, ಗಟ್ಟಿ ಕಂಬಿ. ಆಮಂತ್ರಣ ಕೊಡುವಾಗಲೇ ‘ಅಕ್ಕನವರಿಗೆ ಹೇಗೆ ಅನುಕೂಲ?’ ಎಂದು ಕೇಳಲು ಖರ್ಚೇನೂ ಇಲ್ಲ.

ಗೃಹಾಶೀರ್ವಾದಕ್ಕೆ ಕರೆಯಬಂದವರನ್ನು ಈಗ ನಾನೂ ಕೇಳುತ್ತೇನೆ: ಮೆಟ್ಟಿಲು ಎಷ್ಟು?