ಚಕ್ರದ ಮೇಲಿನ ಮನೆಗೆ ಕಾವಲು ಯಾರದು?

2024ರ ಡಿಸೆಂಬರ್ 23ರಂದು ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ವಾಹನ ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ, ಕಂದಕಕ್ಕೆ ಉರುಳಿರಲಿಲ್ಲ, ಬೆಂಕಿಯೂ ಹೊತ್ತಿರಲಿಲ್ಲ. ನಿಂತಲ್ಲೇ ನಿಂತಿದ್ದ ವಾಹನ ಇಬ್ಬರ ಪ್ರಾಣ ತೆಗೆದಿತ್ತು. ನಂತರ ಕೋಯಿಕ್ಕೋಡ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರು ನಡೆಸಿದ ಪರೀಕ್ಷೆಯಿಂದ ಕಾರಣ ಹೊರಬಿತ್ತು. ಜನರೇಟರ್ ಉಗುಳಿದ ಕಾರ್ಬನ್ ಮೊನಾಕ್ಸೈಡ್ ಅನಿಲ ವಾಹನದ ತಳದಲ್ಲಿದ್ದ ರಂಧ್ರದ ಮೂಲಕ ಒಳಗೆ ನುಗ್ಗಿತ್ತು.

ಒಂದು ರಂಧ್ರ, ಒಂದು ಜನರೇಟರ್, ಮುಚ್ಚಿದ ಕಿಟಕಿಗಳು. ದುರಂತಕ್ಕೆ ಇಷ್ಟೇ ಸಾಕಾಯಿತು. ಈ ಘಟನೆಯನ್ನು ನೆರೆರಾಜ್ಯದ ಸುದ್ದಿ ಎಂದು ಬದಿಗಿಡುವ ಸ್ಥಿತಿಯಲ್ಲಿ ಕರ್ನಾಟಕವೂ ಇಲ್ಲ.

ಚಿತ್ರೀಕರಣದ ತಾಣಗಳಲ್ಲಿ ತಾರೆಯರ ವಿಶ್ರಾಂತಿಗಷ್ಟೇ ಮೀಸಲಾಗಿದ್ದ ಇಂತಹ ವಾಹನಗಳು ಈಗ ಸಾಮಾನ್ಯ ಪ್ರವಾಸಿಗರ ಕೈಗೂ ಬಂದಿವೆ. ಕೇರಳ ಸರ್ಕಾರ 2021ರಲ್ಲಿ 'ಕೇರವಾನ್ ಕೇರಳ' ಎಂಬ ಹೆಸರಿನಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ಚಾಲನೆ ನೀಡಿತು. ಕೋವಿಡ್ ಕಾಲದಲ್ಲಿ ಹೋಟೆಲ್ ವಾಸಕ್ಕೆ ಹೆದರಿದ ಕುಟುಂಬಗಳು ಈ ವಾಹನಗಳತ್ತ ಕಣ್ಣು ಹಾಯಿಸಿದವು. ಬೆಂಗಳೂರಿನಿಂದ ಕೊಡಗು, ಚಿಕ್ಕಮಗಳೂರು, ಹಂಪಿ, ಕರಾವಳಿಯತ್ತ ಬಾಡಿಗೆ ಕ್ಯಾಂಪರ್ ವ್ಯಾನುಗಳು ಸಾಗುತ್ತಿವೆ. ಹಳೆಯ ಮಿನಿ ಬಸ್ಸು ಕೊಂಡು ಒಳಗೆ ಮಂಚ, ಒಲೆ, ಸಿಂಕು ಕೂರಿಸಿಕೊಂಡು ಹೊರಡುವವರೂ ಇದ್ದಾರೆ. ಉತ್ಸಾಹ ಸ್ವಾಗತಾರ್ಹವೇ. ಆದರೆ ಉತ್ಸಾಹದ ಜತೆಗೆ ಬರಬೇಕಾದ ನಿರ್ವಹಣೆಯ ಶಿಸ್ತು ಬಂದಿದೆಯೇ ಎಂಬುದು ಪ್ರಶ್ನೆ.

ಕಾನೂನಿನ ಕಣ್ಣು ಎಲ್ಲಿಯವರೆಗೆ?

ಕಾನೂನು ಇಲ್ಲವೆಂದಲ್ಲ. ಮೋಟಾರು ಕ್ಯಾರವಾನ್‌ಗಳ ಅನುಮೋದನೆಗೆ ಎಐಎಸ್-124 ಎಂಬ ಮಾನದಂಡವಿದೆ. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ನೀಡಿದ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಹೀಗಾಗಿ ಗ್ಯಾರೇಜಿನಲ್ಲಿ ಮನಬಂದಂತೆ ಬಸ್ಸನ್ನು ಮನೆಯಾಗಿಸಿ, ನೋಂದಣಿ ಪತ್ರದಲ್ಲಿ ಹಳೆಯ ವಿವರವನ್ನೇ ಉಳಿಸಿಕೊಂಡವರು ಅಪಘಾತದ ನಂತರ ವಿಮೆಯ ವಿಚಾರದಲ್ಲಿಯೂ ತೊಂದರೆಗೆ ಸಿಲುಕುವ ಸಂಭವವಿದೆ.

ತೊಡಕಿರುವುದು ಬೇರೆ ಕಡೆ. ಅನುಮೋದನೆ ಎಂಬುದು ವಾಹನದ ಮೊದಲ ದಿನದ ಪರೀಕ್ಷೆ. ಖಾಸಗಿ ಬಳಕೆಯ ವಾಹನದ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ. ಬಾಡಿಗೆ ವಾಹನಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಬಳಿಕ ವರ್ಷಕ್ಕೊಮ್ಮೆ ಅರ್ಹತಾ ಪತ್ರ ನವೀಕರಿಸಬೇಕು. ಅಲ್ಲಿಯೂ ಮುಖ್ಯವಾಗಿ ನೋಡುವುದು ಬ್ರೇಕು, ದೀಪ, ಸ್ಟಿಯರಿಂಗ್, ಟೈರು, ಹೊಗೆಯನ್ನು, ಅಂದರೆ ವಾಹನವನ್ನು. ವಾಹನದೊಳಗಿನ ಮನೆಯನ್ನು ವರ್ಷವರ್ಷವೂ ನೋಡಬೇಕಾದ ಹೊಣೆ ಮಾಲೀಕರ ಹೆಗಲ ಮೇಲೆಯೇ ಉಳಿಯುತ್ತದೆ.

ತಂಪು ಬೇಕೆಂದರೆ ವಿಷಗಾಳಿಯೂ ಬರುವುದೇಕೆ?

ವಡಕರದಂತಹ ಪ್ರಕರಣದ ಬೇರು ಬ್ಯಾಟರಿಯ ಲೆಕ್ಕದಲ್ಲಿದೆ. ಕ್ಯಾರವಾನ್‌ನಲ್ಲಿ ಎಂಜಿನ್ ಬ್ಯಾಟರಿಯ ಹೊರತಾಗಿ ಮನೆಯ ಬಳಕೆಗೆಂದೇ ಮತ್ತೊಂದು ಬ್ಯಾಟರಿ ಇರುತ್ತದೆ. 12 ವೋಲ್ಟಿನ, 100 ಆಂಪಿಯರ್-ಗಂಟೆ ಸಾಮರ್ಥ್ಯದ ಸೀಸದ ಬ್ಯಾಟರಿಯಲ್ಲಿ ಸಂಗ್ರಹವಾಗುವುದು 1200 ವ್ಯಾಟ್-ಗಂಟೆ ವಿದ್ಯುತ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧದಷ್ಟನ್ನು, ಅಂದರೆ 600 ವ್ಯಾಟ್-ಗಂಟೆಯನ್ನು ಮಾತ್ರ ಬಳಸಬೇಕು. ದೀಪ, ಫ್ಯಾನು, ಸಣ್ಣ ಫ್ರಿಜ್ಜು ಸೇರಿ ಸರಾಸರಿ 75 ವ್ಯಾಟ್ ಎಳೆದರೆ 8 ಗಂಟೆ, ಒಂದು ರಾತ್ರಿ ಕಳೆಯುತ್ತದೆ. ಅದೇ ಬ್ಯಾಟರಿಗೆ 1200 ವ್ಯಾಟ್‌ನ ಎಸಿ ಜೋಡಿಸಿದರೆ ಅರ್ಧ ಗಂಟೆಯೂ ಕಷ್ಟ.

ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಬಳಸಬಹುದಾದ ಪಾಲು ಹೆಚ್ಚು, ತೂಕ ಕಡಿಮೆ, ಬೆಲೆ ದುಬಾರಿ. ಆದರೂ ರಾತ್ರಿಯಿಡೀ ಎಸಿ ನಡೆಸಲು ಅಂತಹ ಹಲವು ಬ್ಯಾಟರಿಗಳು ಬೇಕು. ಹೀಗಿರುವಾಗ ಸೆಕೆ ತಾಳಲಾರದವರಿಗೆ ಸುಲಭವಾಗಿ ಕಾಣುವ ದಾರಿಯೇ ಜನರೇಟರ್. ಇಲ್ಲವೇ ಎಂಜಿನ್ ಚಾಲೂ ಇಟ್ಟು ಮಲಗುವುದು. ಎಸಿಗಾಗಿ ಕಿಟಕಿ ಮುಚ್ಚಿರುತ್ತದೆ, ಕೆಳಗೆ ಇಂಧನ ಉರಿಯುತ್ತಿರುತ್ತದೆ. ಇವೆರಡೂ ಕೂಡಿದಾಗಲೇ ಅಪಾಯ ಹುಟ್ಟುವುದು.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯನ್ನೂ ತರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಬಲಶಾಲಿ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ಪ್ರಯಾಣದ ಆಯಾಸವೆಂದೋ, ಘಟ್ಟದ ತಿರುವುಗಳ ಪರಿಣಾಮವೆಂದೋ ಅವುಗಳನ್ನು ಅಲಕ್ಷಿಸುವುದು ಸಹಜ. ನಿದ್ರೆಯಲ್ಲಿರುವವರಿಗಂತೂ ಆ ಎಚ್ಚರಿಕೆಯೂ ದೊರೆಯದು. ವಾಹನದೊಳಗೆ ಒಬ್ಬರಿಗಿಂತ ಹೆಚ್ಚು ಜನರಿಗೆ ಏಕಕಾಲದಲ್ಲಿ ತಲೆನೋವು ಕಾಣಿಸಿಕೊಂಡರೆ ಮಾತ್ರೆ ಹುಡುಕುವ ಮೊದಲು ಎಲ್ಲರೂ ಹೊರಗೆ ಬರಬೇಕು.

ಮುನ್ನೆಚ್ಚರಿಕೆ ಕಠಿಣವೇನಲ್ಲ. ಮಲಗುವ ಮುನ್ನ ಎಂಜಿನ್, ಜನರೇಟರ್ ಎರಡನ್ನೂ ಆರಿಸಬೇಕು. ವೈರು, ಪೈಪು ಹಾಯಿಸಲು ತಳದಲ್ಲಿ ಕೊರೆದ ಪ್ರತಿಯೊಂದು ರಂಧ್ರವನ್ನೂ ಭದ್ರವಾಗಿ ಮುಚ್ಚಿರಬೇಕು. ಸೈಲೆನ್ಸರ್ ಪೈಪಿನ ಜೋಡಣೆಗಳು ತುಕ್ಕು ಹಿಡಿದು ಸೀಳಿವೆಯೇ ಎಂದು ಪ್ರತಿ ಸರ್ವಿಸಿನಲ್ಲಿಯೂ ನೋಡಿಸಬೇಕು. ಮಲಗುವ ಜಾಗದ ಬಳಿ ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡಿ ಕೂಗುವ ಅಲಾರಂ ಇರಲೇಬೇಕು. ಅದರೊಳಗಿನ ಸೆನ್ಸರ್‌ಗೂ ಆಯುಷ್ಯವಿದೆ. ಅವಧಿ ಮುಗಿದ ಅಲಾರಂ ಗೋಡೆಯ ಅಲಂಕಾರವಷ್ಟೇ. ಅಮೆರಿಕದಲ್ಲಿ ಇಂತಹ ವಾಹನಗಳ ಮಾನದಂಡವೇ ಈ ಅಲಾರಂ ಹಾಗೂ ಅಡುಗೆ ಅನಿಲ ಸೋರಿಕೆಯ ಅಲಾರಂ ಎರಡನ್ನೂ ಬಯಸುತ್ತದೆ.

ಒಲೆ ಮತ್ತು ವೈರು

ಅಡುಗೆ ಅನಿಲದ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಶೇಖರಗೊಳ್ಳುತ್ತದೆ. ಆದ್ದರಿಂದ ಅದರ ಅಲಾರಂ ನೆಲದ ಸಮೀಪ ಇರಬೇಕು. ಸಿಲಿಂಡರ್ ಇಡುವ ಗೂಡಿಗೆ ತಳದಲ್ಲಿ ಹೊರಗಾಳಿಗೆ ತೆರೆದ ಕಿಂಡಿ ಇರಬೇಕು. ಆ ಗೂಡು ಮಲಗುವ ಭಾಗದಿಂದ ಸಂಪೂರ್ಣ ಬೇರ್ಪಟ್ಟಿರಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಬಿಗಿಯುವುದು ಕಡ್ಡಾಯ. ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ವಾಹನ ಚಲಿಸುವಾಗ ಸಿಲಿಂಡರಿನ ಕವಾಟ ಮುಚ್ಚಿರಬೇಕು.

ಮನೆಯಲ್ಲಿ ಅಲುಗಾಡದೆ ಕೂರುವ ರಬ್ಬರು ನಳಿಕೆಗೇ 5 ವರ್ಷಕ್ಕೊಮ್ಮೆ ಬದಲಾವಣೆ ಬೇಕು. ದಿನವಿಡೀ ಕುಲುಕಾಡುವ ವಾಹನದಲ್ಲಿ ಅಷ್ಟು ಕಾಲ ಕಾಯುವುದು ಜಾಣತನವಲ್ಲ. ಪ್ರತಿ ಪ್ರವಾಸಕ್ಕೂ ಮುನ್ನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಮಾತ್ರ ಕೂಡದು.

ಅನಿಲದ ಗೊಡವೆಯೇ ಬೇಡವೆಂದು ಇಂಡಕ್ಷನ್ ಒಲೆ ಕೂರಿಸುವವರು ವೈರಿನ ಲೆಕ್ಕ ಮರೆಯಬಾರದು. 2000 ವ್ಯಾಟ್‌ನ ಒಲೆ 12 ವೋಲ್ಟ್ ಬ್ಯಾಟರಿಯಿಂದ 165 ಆಂಪಿಯರಿಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಮನೆಯ ವೈರಿಂಗಿಗೆ ಬಳಸುವ ತೆಳು ವೈರು ಅಲ್ಲಿ ಕಾದ ಕಂಬಿಯಾಗುತ್ತದೆ. ದಪ್ಪ ಕೇಬಲ್, ಬ್ಯಾಟರಿಯ ಧನ ತುದಿಗೆ ತೀರ ಸಮೀಪದಲ್ಲಿ ತಕ್ಕ ಫ್ಯೂಸ್, ಲೋಹದ ಅಂಚಿಗೆ ಕೇಬಲ್ ಉಜ್ಜದಂತೆ ರಬ್ಬರಿನ ರಕ್ಷಣೆ, ಇವು ಮೂರೂ ಇರಲೇಬೇಕು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಅದರ ಪೆಟ್ಟಿಗೆಗೆ ಹೊರಗಾಳಿಯ ಸಂಪರ್ಕ ಬೇಕು. ರೆಸಾರ್ಟಿನ ಪ್ಲಗ್ಗಿನಿಂದ ವಿದ್ಯುತ್ ಪಡೆಯುವಾಗ ಅರ್ಥಿಂಗ್ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಾಹನದೊಳಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕು. ಲೋಹದ ಹೊರಮೈಯುಳ್ಳ ವಾಹನಕ್ಕೆ ವಿದ್ಯುತ್ ತಗುಲಿದರೆ ಬರಿಗಾಲಿನಲ್ಲಿ ಬಾಗಿಲು ಹಿಡಿದವರಿಗೆ ಮೊದಲ ಪೆಟ್ಟು.

ಅಗ್ನಿಶಾಮಕವನ್ನು ಒಲೆಯ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ಬಾಗಿಲ ಬಳಿ, ಕೈಗೆಟುಕುವಂತೆ, ಮುಳ್ಳು ಹಸಿರು ಪಟ್ಟಿಯಲ್ಲಿರುವಂತೆ ಇರಬೇಕು. ಮಂಚ, ಕಪಾಟುಗಳ ಭರದಲ್ಲಿ ತುರ್ತು ನಿರ್ಗಮನ ದ್ವಾರವನ್ನೇ ಮುಚ್ಚಿಬಿಡುವ ಒಳಾಂಗಣ ವಿನ್ಯಾಸಗಳೂ ಉಂಟು. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದ ನಂತರವಾದರೂ ಎರಡನೇ ಬಾಗಿಲಿನ ಬೆಲೆ ಎಲ್ಲರಿಗೂ ತಿಳಿದಿರಬೇಕು.

ತೂಕ, ಟೈರು, ಘಟ್ಟ

ಒಂದು ಲೀಟರ್ ನೀರು ಒಂದು ಕಿಲೋ. 150 ಲೀಟರಿನ ತೊಟ್ಟಿ ತುಂಬಿದರೆ ಇಬ್ಬರು ಹೆಚ್ಚುವರಿ ಪ್ರಯಾಣಿಕರನ್ನು ಹತ್ತಿಸಿಕೊಂಡಂತೆ. ಪ್ಲೈವುಡ್ ಕಪಾಟು, ಬ್ಯಾಟರಿ, ಜನರೇಟರ್, ಛಾವಣಿಯ ಎಸಿ ಸೇರುತ್ತ ಹೋದಾಗ ವಾಹನ ತನ್ನ ಅನುಮತಿಯ ತೂಕವನ್ನು ಯಾವಾಗ ಮೀರಿತೆಂದು ಮಾಲೀಕರಿಗೇ ತಿಳಿದಿರುವುದಿಲ್ಲ. ಹೆದ್ದಾರಿ ಬದಿಯ ತೂಕದ ಸೇತುವೆಯಲ್ಲಿ ಒಮ್ಮೆ ಪೂರ್ಣ ಸಾಮಾನು ಸಮೇತ ನಿಲ್ಲಿಸಿ, ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳನ್ನು ಪ್ರತ್ಯೇಕವಾಗಿ ತೂಗಿಸಿದರೆ ಸತ್ಯ ಗೊತ್ತಾಗುತ್ತದೆ. ಭಾರವಾದ ವಸ್ತುಗಳನ್ನು ಕೆಳಗೆ, ಆಕ್ಸಲ್‌ಗಳ ನಡುವೆ ಇಡುವುದು ಉತ್ತಮ.

ಇಂತಹ ವಾಹನಗಳ ಟೈರು ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತದೆ. ವರ್ಷದಲ್ಲಿ ಹಲವು ತಿಂಗಳು ಬಿಸಿಲಿನಲ್ಲಿ ನಿಂತೇ ಇರುವುದರಿಂದ ಗುಬ್ಬುಗಳು ಹೊಸದರಂತೆ ಕಂಡರೂ ಪಕ್ಕದ ಗೋಡೆ ಬಿರಿದಿರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ. 3219 ಎಂದಿದ್ದರೆ 2019ರ 32ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಸ್ಟೆಪ್ನಿಯ ಅಂಕಿಯನ್ನೂ ಓದಬೇಕು. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಘಟ್ಟ ಇಳಿಯುವಾಗ ಏರುವಾಗಿನ ಗೇರನ್ನೇ ಬಳಸಬೇಕು ಎಂಬುದು ಲಾರಿ ಚಾಲಕರ ಹಳೆಯ ಪಾಠ. ಸತತವಾಗಿ ಬ್ರೇಕ್ ತುಳಿದರೆ ಕಾವು ಏರುತ್ತದೆ. ಬ್ರೇಕ್ ಆಯಿಲ್ ವರ್ಷಗಟ್ಟಲೆ ಬದಲಾಗದಿದ್ದರೆ ಹೀರಿಕೊಂಡ ತೇವಾಂಶ ಕುದಿದು ಆವಿಯಾಗಿ ಪೆಡಲ್ ನೆಲಕಚ್ಚುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳಿತು. ಏರ್ ಬ್ರೇಕ್ ಇರುವ ವಾಹನಗಳಲ್ಲಿ ಗಾಳಿ ತೊಟ್ಟಿಯ ನೀರನ್ನು ಆಗಾಗ ಹರಿಸಬೇಕು.

ಮಲೆನಾಡಿನ ಮಳೆಗಾಲಕ್ಕೆ ಮೊದಲು ಛಾವಣಿಯ ಕಿಂಡಿ, ಎಸಿ, ಸೌರ ಫಲಕಗಳ ಸುತ್ತಲಿನ ಸೀಲುಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಒಳಗಿನ ಪ್ಲೈವುಡ್ ಮೆತ್ತಗಾಗಿದ್ದರೆ ನೀರು ಆಗಲೇ ಮನೆ ಹೊಕ್ಕಿದೆ. ಕರಾವಳಿಯಿಂದ ಮರಳಿದ ಮೇಲೆ ತಳಭಾಗವನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಆ ತುಕ್ಕಿನ ರಂಧ್ರವೇ ನಾಳೆ ಹೊಗೆಗೆ ದಾರಿಯಾದೀತು. ಬಹುಕಾಲ ನಿಂತ ತೊಟ್ಟಿಯನ್ನು ಕ್ಲೋರಿನ್ ಬೆರೆಸಿದ ನೀರಿನಿಂದ ಶುದ್ಧಗೊಳಿಸಿ, ತೊಳೆದ ನಂತರವೇ ಬಳಸಬೇಕು. ಶೌಚದ ತೊಟ್ಟಿಯನ್ನು ಹಳ್ಳಕ್ಕೆ ಬರಿದು ಮಾಡುವವರು, ಆ ಹಳ್ಳದ ಕೆಳಗೆ ಒಂದು ಊರಿರುತ್ತದೆ ಎಂಬುದನ್ನು ನೆನೆಯಬೇಕು.

ಸರ್ಕಾರದ ಪಾಲು

ಎಲ್ಲವನ್ನೂ ಮಾಲೀಕರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ರಾತ್ರಿ ತಂಗಲು ಸುರಕ್ಷಿತ ಜಾಗ, ಸರಿಯಾದ ಅರ್ಥಿಂಗ್ ಇರುವ ವಿದ್ಯುತ್ ಸಂಪರ್ಕ, ಕುಡಿಯುವ ನೀರು, ಕೊಳಚೆ ಸುರಿಯುವ ಗುಂಡಿ ಇದ್ದರೆ ಜನರೇಟರಿನ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ಕ್ಯಾರವಾನ್ ಪ್ರವಾಸೋದ್ಯಮ ಎಂದರೆ ವಾಹನಗಳ ಸಂಖ್ಯೆ ಹೆಚ್ಚಿಸುವುದು ಮಾತ್ರವಲ್ಲ, ಅವು ನಿಲ್ಲುವ ನೆಲೆಗಳನ್ನು ಸಜ್ಜುಗೊಳಿಸುವುದೂ ಹೌದು. ಬಾಡಿಗೆಗೆ ಬಿಡುವ ಪ್ರತಿ ವಾಹನದಲ್ಲಿ ಎರಡೂ ಅಲಾರಂಗಳನ್ನು ಕಡ್ಡಾಯಗೊಳಿಸುವುದು, ಅರ್ಹತಾ ಪತ್ರದ ನವೀಕರಣದ ವೇಳೆ ಅನಿಲ, ವೈರಿಂಗ್ ಹಾಗೂ ತಳದ ರಂಧ್ರಗಳ ತಪಾಸಣೆಯನ್ನೂ ಸೇರಿಸುವುದು, ಕೀಲಿ ಹಸ್ತಾಂತರಿಸುವಾಗ ಗ್ರಾಹಕರಿಗೆ ಸುರಕ್ಷತಾ ವಿವರಣೆ ನೀಡಿ ಸಹಿ ಪಡೆಯುವುದು, ಇವು ಭಾರಿ ವೆಚ್ಚದ ಕ್ರಮಗಳೇನಲ್ಲ.

ಬಾಡಿಗೆಗೆ ಪಡೆಯುವ ಕುಟುಂಬವೂ ಫೋಟೋ ನೋಡಿ ಮಾರುಹೋಗದೆ ಮೂರು ಪ್ರಶ್ನೆ ಕೇಳಬೇಕು. ರಾತ್ರಿ ಎಸಿಗೆ ವಿದ್ಯುತ್ ಎಲ್ಲಿಂದ ಬರುತ್ತದೆ? ಹೊಗೆ ಎಲ್ಲಿಗೆ ಹೋಗುತ್ತದೆ? ಅಲಾರಂ ಎಲ್ಲಿದೆ? ಉತ್ತರಕ್ಕೆ ತಡವರಿಸುವವರ ವಾಹನ ಹತ್ತದಿರುವುದೇ ಲೇಸು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ವ್ಯವಸ್ಥೆಗೆ ಹೊಸತಲ್ಲ. ವಡಕರದಲ್ಲಿ ಪ್ರಾಣ ತೆಗೆದದ್ದು ತಳದಲ್ಲಿದ್ದ ಒಂದು ರಂಧ್ರ. ಅಂತಹ ರಂಧ್ರಗಳನ್ನು ಈಗಲೇ ಹುಡುಕಿ ಮುಚ್ಚಿದರೆ, ಕರ್ನಾಟಕ ಆ ಪಾಠವನ್ನು ಇನ್ನೊಂದು ಸಾವಿನಿಂದ ಕಲಿಯಬೇಕಾಗಿಲ್ಲ.