‘ಏನೂ ಮಾಡಲ್ಲ ಬಾ’ ಅಂದರೆ ಸಾಕೇ?

ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಮನೆಯಲ್ಲಿರುವವರಿಗೆ ಮನೆಯವರು ಹೇಳುವ ಕೆಲಸಗಳಿಗೆ ಲೆಕ್ಕವಿಲ್ಲ. ನನ್ನ ಪಾಲಿಗೆ ಬಂದದ್ದು ಅಕ್ಕನ ಮಗನನ್ನು ಶಾಲೆಗೆ ಬಿಟ್ಟು ಬರುವುದು. ಹತ್ತು ನಿಮಿಷದ ದಾರಿಗೆ ನಮಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಕಾರಣ, ಬೇಕರಿ ಮುಂದೆ ಮಲಗಿರುವ ಕಂದು ನಾಯಿ. ಅದನ್ನು ಕಂಡರೆ ಸಾಕು, ಹುಡುಗ ಕೈ ಬಿಡಿಸಿಕೊಂಡು ಓಡುತ್ತಿದ್ದ. ಒಂದು ದಿನ ಹಾಗೇ ಓಡಿ ಬೈಕಿಗೆ ಅಡ್ಡ ಹೋದ. ಸವಾರ ಬ್ರೇಕ್ ಹಾಕಿದ್ದರಿಂದ ಉಳಿದ. ನಾಯಿ ಮಲಗಿದ್ದಲ್ಲಿಂದ ಎದ್ದಿರಲೂ ಇಲ್ಲ.

ಈ ಭಯವನ್ನು ಬೆಳೆಸಿದವರು ನಾವೇ. ‘ಊಟ ಮಾಡದಿದ್ದರೆ ಬೌ ಬೌ ಬರುತ್ತೆ ನೋಡು’ ಎಂದು ತುತ್ತು ತುರುಕಿದವರಲ್ಲಿ ನಾನೂ ಒಬ್ಬ. ಆಗ ಹಾಗೆ ಹೆದರಿಸಿ, ಈಗ ‘ಗಂಡು ಹುಡುಗನಾಗಿ ನಾಯಿಗೆ ಹೆದರ್ತೀಯಾ’ ಎಂದು ನಗುವುದು ಯಾವ ನ್ಯಾಯ? ಕೆಲವರಂತೂ ಅಳುವ ಮಗುವಿನ ಕೈ ಹಿಡಿದು ಬಲವಂತವಾಗಿ ನಾಯಿಯ ಬೆನ್ನು ಮುಟ್ಟಿಸುತ್ತಾರೆ. ‘ಏನೂ ಮಾಡಲ್ಲ ಬಾ’ ಎನ್ನುವ ಮಾತು ಬೇರೆ. ಮಕ್ಕಳಿಗೆ ನಾಯಿ ಕಚ್ಚಿದ ಸುದ್ದಿ ಓದುವ ನಾವು ಹಾಗೆಂದು ಭರವಸೆ ಕೊಡಬಹುದೇ?

ಮನಃಶಾಸ್ತ್ರ ಓದಿದವರಿಗೆ ಮೇರಿ ಕವರ್ ಜೋನ್ಸ್ ಹೆಸರು ನೆನಪಿರಬಹುದು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಬಗ್ಗೆ ಅಮೆರಿಕದ ಈಕೆ 1924ರಲ್ಲಿ ಬರೆದರು. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲ ಮುಟ್ಟಿ ಆಡಿದ. ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ಈ ಉತ್ತರ ನನಗೆ ಬೇಕರಿ ಮುಂದೆ ಕೆಲಸಕ್ಕೆ ಬಂತು.

ಮೊದಲ ವಾರ ರಸ್ತೆಯ ಆಚೆ ಬದಿ ನಿಂತು ಬನ್ ತಿನ್ನುತ್ತಾ ನಾಯಿಯನ್ನು ನೋಡಿದೆವು, ಅಷ್ಟೇ. (ಬನ್ ಹಿಡಿದು ಹತ್ತಿರ ಹೋಗುವುದು ಬೇಡ, ನಾಯಿಯೇ ಎದ್ದು ಬಂದೀತು!) ಎಷ್ಟು ಹತ್ತಿರ ಹೋಗಬೇಕೆಂದು ಹೇಳುವವನು ಅವನು, ನಾನಲ್ಲ. ನಾಯಿಯ ಒಂದು ಕಿವಿಯ ತುದಿ ಕತ್ತರಿಸಿರುವುದನ್ನು ಅವನೇ ಕಂಡುಹಿಡಿದ. ಮರಿ ಆಗದಂತೆ ಆಪರೇಷನ್ ಮಾಡಿದ ಗುರುತು ಎಂದೆ. ‘ಅದಕ್ಕೂ ಇಂಜೆಕ್ಷನ್ ಚುಚ್ಚಿದ್ರಾ ಮಾಮ?’ ಎಂದ. ಅವತ್ತಿನಿಂದ ಅದರ ಮೇಲೆ ಸ್ವಲ್ಪ ಕನಿಕರ.

ಎಚ್ಚರಿಕೆಯನ್ನೂ ಹೇಳಿಕೊಟ್ಟೆ. ನಾಯಿ ಹತ್ತಿರ ಬಂದರೆ ಓಡದೆ, ಕಿರುಚದೆ ಮರದ ಹಾಗೆ ನಿಲ್ಲಬೇಕು. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ತಂಟೆಗೆ ಹೋಗಬಾರದು. ಕಚ್ಚಿದರೆ, ಪರಚಿದರೆ ಕೂಡಲೇ ಹೇಳಬೇಕು, ಯಾರೂ ಬೈಯುವುದಿಲ್ಲ. ಈ ಕೊನೆಯ ಮಾತು ದೊಡ್ಡವರಿಗೂ ಗೊತ್ತಿರಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಅಪರೂಪ. ಬೈಗುಳಕ್ಕೆ ಹೆದರಿ ಮಗು ಗಾಯ ಮುಚ್ಚಿಟ್ಟರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಲಸಿಕೆ ಹಾಕಿಸುವುದು ಹೇಗೆ?

ಮೂರು ತಿಂಗಳಾಯಿತು. ಅವನು ಇನ್ನೂ ನಾಯಿಯನ್ನು ಮುಟ್ಟಿಲ್ಲ, ಮುಟ್ಟು ಎಂದು ನಾನೂ ಹೇಳಿಲ್ಲ. ಬೇಕರಿ ಬಂದಾಗ ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ನಡೆದೇ ದಾಟುತ್ತಾನೆ. ಶಾಲೆಗೆ ಈಗ ಹನ್ನೆರಡು ನಿಮಿಷ.