ಕಂಬ್ಳಿ ಬಿಚ್ಚಿಸಿ ಸ್ಯಾಟಿನ್ ತೊಡ್ಸದು ವಸ್ತ್ರವಿನ್ಯಾಸವಾ?

ನಮ್ ಭೀಮನಬೀಡ್ನಲ್ಲಿ ನಾನು ಬ್ಲೌಸು, ಇಸ್ಕೂಲ್ ಯೂನಿಫಾರಂ ಹೊಲಿಯೋಳು. ಚೆಂಡೂವು ಕುಯ್ಯಕ್ಕ ಹೋಗೊ ಹೆಂಗಸ್ರು ಸಂಜ ಹೊತ್ತು ಬಂದು, ‘ಕಂಕುಳು ವಸಿ ಬಿಗಿ ಆಗದ ಕಣಕ್ಕ, ಬುಡ್ಸು’ ಅಂತಾರ. ಕಂಕುಳು ಬಿಗಿಯಾದ್ರ ಮಂಕ್ರಿ ಎತ್ತಿ ತಲ ಮ್ಯಾಲ ಇಡಕ್ಕಾಗಲ್ಲ. ವಸ್ತ್ರವಿನ್ಯಾಸದ ಮೊದಲ್ನೇ ಪಾಠ ನಾನು ಅವ್ರಿಂದ್ಲೇ ಕಲ್ತದ್ದು.

ಹಿಂದೊಂದು ವರ್ಷ ಮೈಸೂರ್ನಲ್ಲಿ ಒಂದು ದೊಡ್ಡ ಸಂಗೀತ ಸಂಜೆಗ ಬಟ್ಟ ಕೆಲ್ಸಕ್ಕ ನನ್ನ ಕರುದ್ರು. ಮುಂದ ಸಿನಿಮಾ ಹಾಡೋರು, ಹಿಂದ ನಮ್ ಕಡೆ ಕಂಸಾಳೆಯವ್ರು, ಗೊರವರು. ಕಾರ್ಯಕ್ರಮಕ್ಕ ಮೂರೇ ದಿನ ಉಳ್ದಿತ್ತು. ಹೋಗಿ ನೋಡುದ್ರ ಸ್ಟೈಲಿಸ್ಟಮ್ಮ ಬೆಂಗ್ಳೂರಿಂದ ಮೂಟ ಮೂಟ ಸ್ಯಾಟಿನ್ ಅಂಗಿ ತಂದವ್ರ, ಎಲ್ಲಾ ಒಂದೇ ಅಳತೆ, ಒಂದೇ ಬಣ್ಣ, ಎದ ಮ್ಯಾಲ ಮಿಣಮಿಣ ಚಮಕಿ. ತೊಡೋರು ಯಾರು, ತೊಟ್ಟು ಏನ್ ಮಾಡ್ತಾರ ಅಂತ ಒಬ್ರೂ ಕೇಳಿಲ್ಲ.

ಬೀಸು ಕಂಸಾಳೆ ನೋಡಿದ್ದೀರಲ್ಲ? ಎಡಗೈಲಿ ಬಟ್ಟಲಿನಂಗಿರೊ ಕಂಚಿನ ತಾಳ, ಬಲಗೈಲಿ ದಾರ ಕಟ್ಟಿದ ಇನ್ನೊಂದು. ಅದ ತಲ ಸುತ್ತ ಬೀಸ್ತಾರ, ಮಂಡಿ ಊರ್ತಾರ, ಹಿಂದಕ್ಕ ಬಿಲ್ಲಿನಂಗ ಬಾಗ್ತಾರ. ದಾರ ಒಂದು ಚಮಕಿಗ ಸಿಕ್ಕಂಡ್ರ ಆ ಕಂಚು ಪಕ್ಕದವ್ನ ಮೊಕಕ್ಕೇ ಹೋಯ್ತದ. ತಾಲೀಮ್ನಲ್ಲಿ ಮೊದಲ್ನೇ ಸುತ್ತಿಗೇ ನಾಕು ಅಂಗಿ ಕಂಕುಳಲ್ಲಿ ಪರ್ರಂತ ಹರುದ್ವು. ನಾನು ರಾತ್ರಿಯೆಲ್ಲಾ ಕೂತು ಕಂಕುಳಿಗ ಚೌಕದ ತುಂಡು ಕೊಟ್ಟೆ, ಚಮಕಿ ಕಿತ್ತೆ. ಕಿತ್ತಿದ್ದಕ್ಕ ಬೈಸ್ಕಂಡೆ.

ಗೊರವಯ್ಯನ ಸಂಗ್ತಿ ಇನ್ನೂ ಕೆಟ್ಟದ್ದು. ಕರಿ ಕಂಬ್ಳಿ ಅಂಗಿ ತಗ್ದು ಕೆಂಪು ಸ್ಯಾಟಿನ್ ಹಾಕಿ ಅಂದ್ರು. ಆ ಹಿರೀಕ್ರು ಕೈ ಮುಗ್ದು ಹೇಳುದ್ರು: ‘ಇದು ವೇಷ ಅಲ್ಲ ಕಣವ್ವ, ಮೈಲಾರಲಿಂಗನ ಹೆಸ್ರಲ್ಲಿ ದೀಕ್ಷೆ ತಕ್ಕಂಡಾಗ ಹಾಕಿದ್ದು.’ ಆಯಮ್ಮ ಫೋನ್ ನೋಡ್ತಾ, ‘ಕಾಸ್ಟ್ಯೂಮ್ ಎಲ್ರಿಗೂ ಒಂದೇ ಇರ್ಬೇಕು’ ಅಂದ್ರು. ಕರಡಿ ಕೂದ್ಲ ಟೊಪ್ಪಿನೂ ಬದ್ಲಾಯ್ಸಿ, ಹೊಸ್ದು ತರ್ಸಿ ಅಂದ್ರು. ಎಲ್ಲಿಂದ ತರದು? ಬಂಡೀಪುರ ಕಾಡಂಚ್ನ ತಾಲ್ಲೂಕಲ್ಲಿ ಇರೋರು ನಾವು. 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲ ಕರಡಿ ಚರ್ಮಕ್ಕ ಕೈ ಹಾಕುದ್ರ ಜೈಲು ಅಂತ ನಮ್ ಮಕ್ಳಿಗೂ ಗೊತ್ತು.

ನ್ಯಾಯವಾಗಿ ಒಂದು ಮಾತು ಒಪ್ಕತೀನಿ. ಹಿಂದ್ಗಡ ಪರದೆ ಕರಿ, ಕಂಬ್ಳಿ ಕರಿ, ಆ ಬೆಳಕಲ್ಲಿ ಗೊರವಯ್ಯ ದೂರದಿಂದ ಕಾಣ್ತಿರ್ಲಿಲ್ಲ. ಬರೀ ಮೊಕ ತೇಲ್ತಿತ್ತು. ಆಯಮ್ಮ ಹೇಳಿದ್ದು ಸರಿ, ನಾನು ಮೊದ್ಲು ಒಪ್ಲಿಲ್ಲ. ಆದ್ರ ಅದಕ್ಕ ಮದ್ದು ಹಿಂದಿನಿಂದ ಒಂದು ಲೈಟು ಬುಡದು. ಲೈಟಿನ ಹುಡ್ಗ ಅರ್ಧ ನಿಮ್ಷದಲ್ಲಿ ಬುಟ್ಟ. ಕಂಬ್ಳಿ ಅಂಚು, ಟೊಪ್ಪಿ ಕೂದ್ಲು ಎಲ್ಲಾ ಬೆಳ್ಳಿ ಗೆರೆ ಎಳ್ದಂಗ ಎದ್ದು ಬಂದ್ವು. ಅದೇ ಸ್ಯಾಟಿನ್ ಮ್ಯಾಲ ಲೈಟು ಬಿದ್ರ ಕ್ಯಾಮ್ರದಲ್ಲಿ ಬರೀ ಬಿಳಿ ತ್ಯಾಪ.

ಹೊಸಾದು ಬ್ಯಾಡ ಅನ್ನೋಳಲ್ಲ ನಾನು. ರಘು ದೀಕ್ಷಿತ್ ತಂಡದವ್ರು ಬಣ್ಣದ ಲುಂಗಿ ಉಟ್ಟು, ಕಾಲಿಗ ಗೆಜ್ಜೆ ಕಟ್ಕಂಡು ಗಿಟಾರ್ ಹಿಡುದ್ರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿವರ್ಗೂ ಹೋಗ್ಬಂದ್ರು. ಲುಂಗಿ ನಮ್ ಹಟ್ಟಿ ಜಗಲಿ ಮ್ಯಾಲಿನ ಬಟ್ಟ. ಅದ್ರಲ್ಲಿ ನೆಗಿಬೌದು, ಕುಣಿಬೌದು. ವಿನ್ಯಾಸ ಅಂದ್ರ ನನ್ ಕಣ್ಣಿಗ ಅದು.

ಇನ್ನು ಹೆಸ್ರಿನ ವಿಚಾರ. ಕೊಲ್ಹಾಪುರದ ಭಾನು ಅಥೈಯಾ ‘ಗಾಂಧಿ’ ಸಿನಿಮಾದ ಬಟ್ಟೆಗ 1983ರಲ್ಲಿ ಆಸ್ಕರ್ ತಕ್ಕಂಡ್ರು. ಸಿನಿಮಾದಲ್ಲಾದ್ರ ವಸ್ತ್ರಾಲಂಕಾರ ಅಂತ ಒಂದು ಸಾಲಾದ್ರೂ ಓಡ್ತದ. ಆವತ್ತು ರಾತ್ರಿ ವೇದಿಕೇಲಿ ಶಾಮಿಯಾನದವ್ರಿಗ, ಜನ್ರೇಟರ್‌ನವ್ರಿಗ ಕೂಡ ಶಾಲು ಹಾಕುದ್ರು. ಬಟ್ಟ ಹೊಲ್ದೋಳು ಪರದೆ ಹಿಂದ ಸೂಜಿ ಬಾಯಲ್ಲಿ ಕಚ್ಕಂಡು, ಕಂಸಾಳೆ ಹುಡ್ಗನ ಪಂಚೆ ಗಂಟಿಗ ಪಿನ್ನು ಚುಚ್ತಾ ಕೂತಿದ್ಲು. ‘ದುಡ್ ಕೊಟ್ರಲ್ಲ, ಸುಮ್ನಿರು’ ಅಂತಾರ ನಮ್ ಯಜಮಾನ್ರು. ಅವ್ರು ಗದ್ದ ಉತ್ತಿದ್ನ ‘ಇದೇನ್ ಮಹಾ’ ಅಂತ ನಾನಂದ್ರ ಮೂರು ದಿನ ಮಾತಾಡಲ್ಲ, ಅದು ಬ್ಯಾರೆ.

ಗೊರವಯ್ಯ ಕೊನೆಗ ಕಂಬ್ಳಿಲೇ ಕುಣುದ್ರು, ಸ್ಯಾಟಿನ್ನ ಮಡ್ಚಿ ನನ್ ಮಿಷನ್ ಮ್ಯಾಲ ಇಟ್ಬುಟ್ಟು ಹೋದ್ರು. ಅದ್ರಲ್ಲಿ ನಮ್ ಬೀದಿ ಮೂರು ಕೂಸುಗಳ್ಗ ಲಂಗ ಆಯ್ತು.

ಮೊನ್ನೆ ಮತ್ತ ಫೋನ್ ಬಂದಿತ್ತು. ‘ಕುಣಿಯೋರ್ನ ಒಂದು ತಿಂಗ್ಳು ಮುಂಚೆ ತೋರ್ಸಿ, ಕೈ ಎತ್ತಿಸಿ ಅಳತ ತಕ್ಕತೀನಿ. ಕರಪತ್ರದಲ್ಲಿ ಹೆಸ್ರು ಹಾಕಿ’ ಅಂದೆ. ‘ನೋಡ್ತೀವಿ ಮೇಡಂ’ ಅಂದ್ರು. ಇನ್ನೂ ನೋಡ್ತಾನೇ ಅವ್ರ.